ಬೆಟ್ಟವನ್ನಿಳಿಯುವ ವಿಚಾರ

ಉಚ್ಚಂಗಿದುರ್ಗದ ಮೆಟ್ಟಿಲುಗಳನ್ನು ಎಣಿಸಿದವರು ಬಹುಮಂದಿ ಇರುವರು. ಆದರೆ ಒಬ್ಬರ ಲೆಕ್ಕವು ಮತ್ತೊಬ್ಬರ ಲೆಕ್ಕಕ್ಕೆ ಹೊಂದಿದುದನ್ನು ಕಂಡವರಿಲ್ಲ. ಇದರ ದೋಷವನ್ನು ಮೆಟ್ಟಿಲುಗಳ ಮೇಲೆ ಹೊರಿಸಲಾಗದು. ತಳದಲ್ಲಿ ಒಂದನ್ನೂ ಬಿಡದೆ ಎಣಿಸಿದವನು ನಡುಬೆಟ್ಟಕ್ಕೆ ಬಂದಾಗ ಎರಡನ್ನು ಒಂದೆಂದು ಹಿಡಿಯುವನು. ಮೇಲಣ ಬಾಗಿಲು ಕಾಣುವ ಹೊತ್ತಿಗೆ ಲೆಕ್ಕವೆಲ್ಲ ಮರೆತುಹೋಗಿ ಬಾಯಲ್ಲಿ ತಾಯಿಯ ಹೆಸರೊಂದೇ ಉಳಿದಿರುವುದು. ಇನ್ನು ಇಳಿಯುವಾಗ ಎಣಿಸಿದವನನ್ನಂತೂ ಈ ಸೀಮೆಯಲ್ಲಿ ಯಾರೂ ಕಂಡಂತಿಲ್ಲ. ಬೆಟ್ಟವೆಂದರೆ ಏರತಕ್ಕ ವಸ್ತುವೆಂದೇ ಲೋಕದ ಭಾವನೆ. ಏರಿದವನಿಗೆ ಬಿರುದುಂಟು, ಹಾಡುಂಟು, ಈಗೀಗ ಚಿತ್ರವೂ ಉಂಟು. ಇಳಿದು ಮನೆ ಸೇರಿದವನಿಗೆ ಕಾಲು ತೊಳೆಯಲು ಒಂದು ತಂಬಿಗೆ ನೀರು, ಅಷ್ಟೆ.

ಬಿರುದಿನ ಮಾತು ಬಂದುದರಿಂದ ಇದೇ ಗಿರಿಯ ಹಳೆಯ ಸಂಗತಿಯೊಂದನ್ನು ನೆನೆಯಬಹುದು. ನೊಳಂಬವಾಡಿಯನ್ನಾಳಿದ ಪಾಂಡ್ಯರಿಗೆ ಉಚ್ಚಂಗಿಯು ರಾಜಧಾನಿಯಾಗಿದ್ದಿತು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ದುರ್ಗವಿದೆಂದು ಶಾಸನಕವಿಗಳ ಹೊಗಳಿಕೆ. 1177ರ ಸುಮಾರಿಗೆ ಹೊಯ್ಸಳ ಎರಡನೆಯ ವೀರಬಲ್ಲಾಳನು ಇದನ್ನು ಹಿಡಿದು ‘ಗಿರಿದುರ್ಗಮಲ್ಲ’ನೆಂದೂ ‘ಶನಿವಾರಸಿದ್ಧಿ’ಯೆಂದೂ ಬಿರುದು ಧರಿಸಿದನು. ಆ ದಿನ ಬಂಡೆಯಿಂದ ಉರುಳಿದ ಕಾಲಾಳುಗಳ ಗಣನೆಯನ್ನು ಯಾವ ಶಾಸನವೂ ಕೊಡುವುದಿಲ್ಲ. ಗಿರಿದುರ್ಗವನ್ನು ಕಟ್ಟಿದವರ ಉದ್ದೇಶವೇನೆಂಬುದನ್ನು ಇಂದಿನ ಸಂಚಾರಿಗಳು ಒಂದು ಕ್ಷಣವಾದರೂ ಆಲೋಚಿಸಬೇಕು. ಏರಿ ಬರುವವನು ಬೀಳಲಿ ಎಂಬುದೇ ಅವರ ಉದ್ದೇಶ. ಮೆಟ್ಟಿಲುಗಳನ್ನು ಒಂದು ಗೇಣು, ಒಂದು ಮೊಳ ಎಂದು ವಿಷಮವಾಗಿ ಕಡಿಸಿದುದು, ದಾರಿಯನ್ನು ಬಾಗಿಲಿನೆದುರು ತಟ್ಟನೆ ತಿರುಗಿಸಿದುದು, ಕೈಯಿಡಲು ಆಸರೆಯಿಲ್ಲದಂತೆ ಬಂಡೆಯನ್ನು ಬರಿದಾಗಿ ಬಿಟ್ಟುದು, ಇವೆಲ್ಲವೂ ಶತ್ರುವಿಗಾಗಿ ಮಾಡಿದ ಸತ್ಕಾರ. ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರೂ ಇದೇ ಶಾಸ್ತ್ರವನ್ನನುಸರಿಸಿದವರು. ಪಾಳೆಯಗಾರರು ಹೋದರು, ಶತ್ರುಗಳೂ ಹೋದರು. ಆದರೆ ಕಲ್ಲುಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ. ಅವು ಈಗಲೂ ತಮಗೆ ಒಪ್ಪಿಸಿದ ಕೆಲಸವನ್ನೇ ಮಾಡುತ್ತಿವೆ. ಭಾನುವಾರ ಬುತ್ತಿ ಕಟ್ಟಿಕೊಂಡು ಬಂದ ಸಂಸಾರವನ್ನೂ ಹೊಯ್ಸಳರ ದಂಡೆಂದೇ ಎಣಿಸುತ್ತಿವೆ.

ಯಾತ್ರೆಯೆಂಬ ಹಳೆಯ ಪದ್ಧತಿಯಲ್ಲಿ ಈ ಅಪಾಯಕ್ಕೆ ತಕ್ಕ ಪ್ರತೀಕಾರಗಳು ಹೇಗೋ ಸೇರಿಕೊಂಡಿದ್ದುವು. ಭರತ ಹುಣ್ಣಿಮೆಗೋ ಯುಗಾದಿಗೋ ಉಚ್ಚಂಗೆಮ್ಮನ ದರ್ಶನಕ್ಕೆ ಹೊರಟ ಹಳ್ಳಿಯ ಪರಿಷೆಯು ಹಿಂದಿನ ದಿನವೇ ಹೋಗಿ ಹಾಲಮ್ಮನ ತೋಪಿನಲ್ಲಿ ಬೀಡುಬಿಡುವುದು. ಕೋಳಿ ಕೂಗುವ ಹೊತ್ತಿಗೆ ಸ್ನಾನ. ಬೆಳಕು ಹರಿಯುವಾಗ ಬೆಟ್ಟದ ಬುಡ. ಬಿಸಿಲು ಬಲಿಯುವ ಮುನ್ನ ಹಿಂದಿರುಗಿ ತೋಪಿನ ನೆರಳು. ಒಬ್ಬನೇ ಏರುವವನು ಇಲ್ಲ. ಬುಡದಲ್ಲಿ ಒಂದಿಬ್ಬರು ಬಂಡಿ ಕಾಯುವ ನೆಪದಲ್ಲಿ ಉಳಿದು, ಯಾರು ಹೋದರು, ಯಾರು ಬಂದರು ಎಂಬುದನ್ನು ಗಮನಿಸುತ್ತಿರುವರು. ಹಾದಿಯಲ್ಲಿ ಪುಣ್ಯಾತ್ಮರ ಅರವಟ್ಟಿಗೆ. ಅಲ್ಲಿ ಉಪ್ಪು ಬೆರೆಸಿದ ನೀರುಮಜ್ಜಿಗೆ. ಇವನ್ನೆಲ್ಲ ಮಡಿ, ವ್ರತ, ಹರಕೆ ಎಂಬ ಹೆಸರಿನಿಂದ ಮಾಡುತ್ತಿದ್ದರೇ ಹೊರತು ಸುರಕ್ಷತೆಯೆಂಬ ಪದವನ್ನು ಯಾರೂ ಉಚ್ಚರಿಸಿದವರಲ್ಲ. ಬೆವರಿನೊಡನೆ ದೇಹದ ಲವಣವೂ ಹೋಗುವುದೆಂಬುದನ್ನು ಇಂದಿನ ವೈದ್ಯರು ವಿವರಿಸುವರು. ಮಜ್ಜಿಗೆಗೆ ಉಪ್ಪು ಹಾಕಿದ ಮುದುಕಿಯು ಅದನ್ನು ವಿವರಿಸದೆಯೇ ತಿಳಿದಿದ್ದಳು.

ಈಗ ಬಂಡಿಗಳಿಲ್ಲ, ಮೋಟಾರುಗಳು ಬಂದಿವೆ. ಹರಪನಹಳ್ಳಿಯಿಂದಲೂ ದಾವಣಗೆರೆಯಿಂದಲೂ ಊಟ ಮುಗಿಸಿ ಹೊರಟವರು ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬುಡದಲ್ಲಿರುವರು. ಮೋಟಾರು ಉಳಿಸಿಕೊಟ್ಟ ಕಾಲವನ್ನು ಬಿಸಿಲು ವಸೂಲು ಮಾಡುವುದು. ಚೈತ್ರ ವೈಶಾಖಗಳಲ್ಲಿ ಈ ಬಯಲುಸೀಮೆಯ ಶಾಖವು 40 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ನೆರಳಿಲ್ಲದ ಬಂಡೆಯ ಮೇಲಿನ ಕಾವನ್ನು ಕೇಳುವಂತೆಯೇ ಇಲ್ಲ.

ಒಂದು ಯುಗಾದಿಯ ಮರುದಿನ ಇಂತಹ ಹೊತ್ತಿನಲ್ಲಿ ಹೂವಿನ ಹಡಗಲಿಯ ಕಡೆಯ ವೃದ್ಧೆಯೊಬ್ಬಳು ನಡುಮೆಟ್ಟಿಲಲ್ಲಿ ಕುಸಿದಳು. ಮೈ ಕೆಂಡವಾಗಿದ್ದಿತು, ಬೆವರು ನಿಂತಿದ್ದಿತು, ಕರೆದರೆ ಅಸಂಬದ್ಧವಾಗಿ ಏನನ್ನೋ ಹೇಳುವಳು. ಸುತ್ತಲೂ ಜನ ನೆರೆದು ಗಾಳಿಯನ್ನು ತಡೆದರು. ಕೆಲವರು ಮೊಬೈಲು ತೆಗೆದರು. ನೆರವನ್ನು ಕರೆಯುವುದಕ್ಕೆಂದು ಅಂತಹ ಹೊತ್ತಿನಲ್ಲಿ ಭಾವಿಸುವುದು ಸಹಜ, ಆದರೆ ಅವರು ತೆಗೆದುದು ಚಿತ್ರವನ್ನು. ದೇವಿ ಮೈಮೇಲೆ ಬಂದಿದ್ದಾಳೆಂದು ಒಬ್ಬಾಕೆ ಕೈಮುಗಿದಳು. ಮತ್ತೊಬ್ಬನು ಆ ಮುದುಕಿಯ ಬಾಯಿಗೆ ನೀರು ಸುರಿಯಹೋದನು. ಅಷ್ಟರಲ್ಲಿ, ಪ್ರತಿವರ್ಷ ತಪ್ಪದೆ ಬರುವ ಕೊಟ್ಟೂರಿನ ಒಬ್ಬ ವೃದ್ಧರು ಮೇಲಿನಿಂದ ಇಳಿಯುತ್ತಿದ್ದವರು ನೀರಿನವನ ಕೈ ಹಿಡಿದರು.

“ತಮ್ಮಾ, ಎಚ್ಚರಿಲ್ಲದಾಕಿ ಬಾಯಾಗ ನೀರು ಹಾಕಬ್ಯಾಡ, ನೆತ್ತಿಗೇರ್ತೈತಿ. ಮೈಮ್ಯಾಲೆ ಹಾಕು. ಆ ಪಂಜಿ ತೋಯಿಸಿ ಕೊಡು ಇಲ್ಲಿ.”

“ಅಜ್ಜಾ, ದೇವ್ರು ಬಂದಿರಬೌದು...”

“ದೇವ್ರು ಬಂದಿದ್ರ ಹೋಗ್ತಾಳ. ಮೊದಲು ನೆರಳಿಗೆ ತರ್ರಿ ಯವ್ವನ್ನ.”

ಬಂಡೆಯ ಮರೆಗೆ ಎತ್ತಿ ತಂದು, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆಯಿಟ್ಟು ಸೆರಗಿನಿಂದ ಗಾಳಿ ಬೀಸಿದರು. ತರುಣನೊಬ್ಬನು 108ಕ್ಕೆ ಕರೆಮಾಡಿದನು; ನಾಲ್ವರು ಕಂಬಳಿಯಲ್ಲಿ ಹೊತ್ತು ಕೆಳಗೆ ತಂದರು. ಆಕೆ ಬದುಕಿಕೊಂಡಳು. ಇದರಲ್ಲಿ ಯಾವ ಪವಾಡವೂ ಇಲ್ಲ. ಬಿಸಿಲಿನ ಹೊಡೆತ ತಗುಲಿದವರನ್ನು ಮೊದಲು ತಂಪುಮಾಡಬೇಕು, ಅನಂತರ ಸಾಗಿಸಬೇಕೆಂದು ವೈದ್ಯರು ಹೇಳುವುದೂ ಇದನ್ನೇ. ಕರ್ನಾಟಕದಲ್ಲಿ 108ರ ವಾಹನವು 2008ರ ನವೆಂಬರಿನಲ್ಲಿ ಮೊದಲಾಯಿತು. ಅದು ಮಹೋಪಕಾರವೇ ಸರಿ. ಆದರೆ ಯಾವ ವಾಹನವೂ ಮೆಟ್ಟಿಲನ್ನು ಏರಲಾರದಾದುದರಿಂದ, ಬೆಟ್ಟದ ಮೊದಲ ಅರ್ಧ ಗಂಟೆಯು ಎಂದಿಗೂ ಹತ್ತಿರವಿದ್ದವರ ಪಾಲಿನದೇ.

ಗುಡೇಕೋಟೆಯ ಮಾತೇ ಬೇರೆ. ಒನಕೆ ಓಬವ್ವನ ತವರೆಂದು ಹೇಳಿಕೊಳ್ಳುವ ಆ ಊರಿನ ಸುತ್ತಣ ಗುಡ್ಡಗಳು ದೈತ್ಯರ ಮಕ್ಕಳು ಆಡಿ ಬಿಟ್ಟುಹೋದ ಗೋಲಿಗಳಂತೆ ಒಂದರ ಮೇಲೊಂದು ನಿಂತ ಬಂಡೆಗಳಿಂದಾದವು. ಆ ಬಂಡೆಗಳ ನಡುವಣ ಗವಿಗಳಲ್ಲಿ ಕರಡಿಗಳ ಸಂಸಾರವುಂಟು. ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾದ ತರುವಾಯ, ಕೂಡ್ಲಿಗಿ ತಾಲ್ಲೂಕಿನ ಈ ಭಾಗವನ್ನೂ 2013ರಲ್ಲಿ ಕರಡಿಧಾಮವೆಂದು ಸಾರಿದರು. ಕರಡಿಯು ಮನುಷ್ಯನನ್ನು ತಿನ್ನಬೇಕೆಂದು ಹುಡುಕುವ ಪ್ರಾಣಿಯಲ್ಲ. ಅದಕ್ಕೆ ಬೇಕಾದುದು ಗೆದ್ದಲು, ಜೇನು, ಕಾರೆಹಣ್ಣು, ಬಾರೆಹಣ್ಣು. ಮೂಗು ಬಹು ಚುರುಕು. ಕಣ್ಣು ಕಿವಿಗಳು ಮಂದ. ಈ ಮಾಂದ್ಯವೇ ಎಲ್ಲ ಅನರ್ಥಕ್ಕೂ ಮೂಲ. ಗೆದ್ದಲುಹುತ್ತದಲ್ಲಿ ಮೂತಿಯಿಟ್ಟು ಮೈಮರೆತ ಕರಡಿಗೆ ಮನುಷ್ಯನು ಹತ್ತಿರ ಬಂದುದು ತಿಳಿಯುವುದಿಲ್ಲ. ತಿಳಿದಾಗ ಓಡಲು ಸಮಯವಿಲ್ಲವೆಂದು ಬಗೆದು ಮೇಲೆ ಬೀಳುವುದು. ಬೆನ್ನಿನ ಮೇಲೆ ಮರಿಗಳನ್ನು ಹೊತ್ತ ತಾಯಿಯಾದರಂತೂ ವಿಚಾರಮಾಡುವುದೇ ಇಲ್ಲ. ಅದರ ಪಂಜಕ್ಕೆ ಮುಖ ಕೊಟ್ಟವರು ಬದುಕಿದರೂ ಕನ್ನಡಿ ನೋಡಲು ಅಂಜುವರು.

ಆದಕಾರಣ ಅಲ್ಲಿಯ ಕುರಿಗಾಹಿಗಳು ಗುಡ್ಡದ ಸೆರಗಿನಲ್ಲಿ ನಡೆವಾಗ ಮಾತಾಡುತ್ತ, ಕೋಲಿನಿಂದ ಕಲ್ಲನ್ನು ಕುಟ್ಟುತ್ತ ಹೋಗುವರು. ಹೊತ್ತು ಮೂಡುವ ಮೊದಲೂ ಮುಳುಗಿದ ಮೇಲೂ ಗವಿಯ ಹಾದಿಯನ್ನು ತುಳಿಯರು. ಕೋಟೆ ನೋಡಲು ಬಂದ ಪಟ್ಟಣಿಗರಿಗಾದರೋ ಸೂರ್ಯೋದಯ ಸೂರ್ಯಾಸ್ತಗಳೇ ಬೇಕು. ಚಿತ್ರಕ್ಕೆ ಬೆಳಕು ಆಗ ಚೆನ್ನಾಗಿರುವುದಂತೆ. ಕರಡಿಯ ಭೋಜನಕಾಲವೂ ಅದೇ ಎಂಬುದನ್ನು ಬೆಳಕಿನ ಶಾಸ್ತ್ರದಲ್ಲಿ ಬರೆದಿಲ್ಲ. ಹೆಜ್ಜೇನಿನ ವಿಷಯವೂ ಹಾಗೆಯೇ. ಬಂಡೆಯ ಚಾಚಿಗೆ ಕರಿಯ ಮೊರದಂತೆ ಅಂಟಿದ ಹಟ್ಟಿಯನ್ನು ಕಂಡರೆ ಊರವರು ಧ್ವನಿ ತಗ್ಗಿಸಿ ಪಕ್ಕಕ್ಕೆ ಸರಿಯುವರು. ಬೀಡಿಯನ್ನು ಸಹ ಹೊತ್ತಿಸುವುದಿಲ್ಲ. ಕರಡಿಗೆ ಗದ್ದಲ ಬೇಕು, ಜೇನಿಗೆ ಮೌನ ಬೇಕು. ಎಲ್ಲಿ ಯಾವುದು ಎಂಬುದನ್ನು ಬಲ್ಲವನು ಆ ಊರಿನವನೇ. ಊರಿನವನೊಬ್ಬನನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ದುಂದುಗಾರಿಕೆಯೆಂದು ಭಾವಿಸಿ, ಅದಕ್ಕಿಂತ ಹೆಚ್ಚಿನ ಹಣವನ್ನು ಬಣ್ಣದ ಪಾದರಕ್ಷೆಗೆ ಸುರಿಯುವವರ ಲೆಕ್ಕವು ವಿಚಿತ್ರವಾದುದು.

ಪಾದರಕ್ಷೆ ಬೇಡವೆಂದಲ್ಲ. ಬಿಸಿಲಲ್ಲಿ ಒರಟಾಗಿ ಕಾಲನ್ನು ಹಿಡಿಯುವ ಕರಿಗಲ್ಲೇ ಮಳೆಗಾಲದಲ್ಲಿ ಪಾಚಿಗಟ್ಟಿ ಎಣ್ಣೆ ಸವರಿದ ಹಲಗೆಯಾಗುವುದು. ಏರುವಾಗ ಮುಖ ಬಂಡೆಯ ಕಡೆಗಿದ್ದು ಕೈಯ ನೆರವೂ ದೊರೆಯುವುದು. ಇಳಿಯುವಾಗ ಮುಖ ಬಯಲಿನ ಕಡೆ, ಮೊಣಕಾಲಿನಲ್ಲಿ ನಡುಕ, ಮನಸ್ಸಿನಲ್ಲಿ ಕೆಲಸ ಮುಗಿಯಿತೆಂಬ ಅಲಕ್ಷ್ಯ. ಕೋಟೆಗಳ ಮೇಲಣ ಹೊಂಡಗಳಲ್ಲಿ ಕೈಕಾಲು ತೊಳೆಯಲಿಳಿದವರು ಜಾರುವುದೂ ಇಂತಹ ಅಲಕ್ಷ್ಯದಲ್ಲಿಯೇ. ಆ ಹೊಂಡಗಳಿಗೆ ಕಟಾಂಜನವಿಲ್ಲ. ಎಷ್ಟು ಆಳವೆಂಬುದು ಕಾಣುವುದಿಲ್ಲ. ಈಜು ಬಲ್ಲವನಿಗೂ ಜಾರುವ ಓರೆಗಲ್ಲನ್ನು ಹಿಡಿದು ಮೇಲೆ ಬರುವುದು ಕಷ್ಟ.

ಮೇಲೆ ಹೇಳಿದ ಕೊಟ್ಟೂರಿನ ವೃದ್ಧರಿಗೆ ಒಬ್ಬ ಮೊಮ್ಮಗನುಂಟು. ಬೆಂಗಳೂರಿನಲ್ಲಿ ಉದ್ಯೋಗ, ಐದು ದಿನ ಯಂತ್ರದ ಮುಂದೆ ಕುಳಿತು ಉಳಿದೆರಡು ದಿನ ಬೆಟ್ಟಗಳನ್ನು ಅರಸುವ ಈ ಕಾಲದ ತರುಣ. ಈ ಹವ್ಯಾಸವನ್ನು ಈಗಿನವರು ಚಾರಣವೆಂದು ಕರೆಯುವರು. ತರುಣರು ಬೆಟ್ಟವನ್ನೇರುವುದನ್ನು ಹಳಿಯುವುದು ಅನ್ಯಾಯ. ಮದ್ಯಶಾಲೆಯ ಮಬ್ಬಿನಲ್ಲಿ ಕೂಡುವುದಕ್ಕಿಂತ ಕುಮಾರಪರ್ವತದ ಹುಲ್ಲುಗಾವಲಿನಲ್ಲಿ ಬೆವರು ಸುರಿಸುವುದು ನೂರು ಪಾಲು ಲೇಸು. ಆದರೆ ಒಬ್ಬರನ್ನು ಕಂಡು ಒಬ್ಬರು ಹೊರಟು ಎಲ್ಲರೂ ಒಂದೇ ದಿನ ಒಂದೇ ಬೆಟ್ಟದಲ್ಲಿ ಸೇರಿದರೆ ಆ ಬೆಟ್ಟವೂ ಸಂತೆಯೇ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಇಕ್ಕಟ್ಟಾದ ದಾರಿಯಲ್ಲಿ ಜನ ಇರುವೆಯ ಸಾಲಿನಂತೆ ನೆರೆದುದನ್ನು ಚಿತ್ರಗಳಲ್ಲಿ ಲೋಕವೇ ನೋಡಿತು. ಆ ಬಳಿಕ ಅರಣ್ಯ ಇಲಾಖೆಯವರು ಕೆಲಕಾಲ ಚಾರಣವನ್ನು ನಿಲ್ಲಿಸಿ, ಮುಂದಾಗಿ ಹೆಸರು ನೋಂದಾಯಿಸಿದವರಿಗೆ ಮಾತ್ರ, ಒಂದು ದಾರಿಗೆ ದಿನಕ್ಕೆ 300 ಮಂದಿಯಂತೆ ಎಂದು ಮಿತಿಯಿಟ್ಟರು. ಇದರಿಂದ ಬೇಸರಪಟ್ಟವರುಂಟು. ಇಕ್ಕಟ್ಟು ದಾರಿಯಲ್ಲಿ ಒಬ್ಬನು ಎಡವಿದರೆ ಹಿಂದಿನ ಹತ್ತು ಮಂದಿ ಎಡವುವರೆಂಬುದನ್ನು ಕೊಟ್ಟೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರನ ಮಹಾರಥವು ಜನಸಂದಣಿಯ ನಡುವೆ ಮಗುಚಿದ ದಿನ ಬೀದಿಯಲ್ಲಿದ್ದವರು ಆ ಸದ್ದನ್ನು ಇನ್ನೂ ಮರೆತಿಲ್ಲ. ವೃದ್ಧರು ಆ ದಿನ ಅಲ್ಲಿಯೇ ಇದ್ದವರು. ಅಂದಿನಿಂದ ಅವರ ಭಕ್ತಿಯೇನೂ ಕಡಿಮೆಯಾಗಲಿಲ್ಲ. ತೇರು ಎಳೆಯುವಾಗ ಎಲ್ಲಿ ನಿಲ್ಲಬೇಕೆಂಬ ಎಚ್ಚರ ಮಾತ್ರ ಹೆಚ್ಚಿತು.

ಮೊಮ್ಮಗನು ಬೇಸಗೆಯ ರಜೆಯಲ್ಲಿ ಊರಿಗೆ ಬಂದವನು, ಬರುವ ತಿಂಗಳು ಹಿಮಾಲಯಕ್ಕೆ ಹೋಗುವುದಾಗಿ ಹೇಳಿದನು. ಮನೆಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಏಕೆಂದರೆ 2024ರ ಜೂನ್ ತಿಂಗಳ ಸುದ್ದಿಯು ಎಲ್ಲರ ಮನಸ್ಸಿನಲ್ಲಿಯೂ ಇದ್ದಿತು.

ಆ ಸುದ್ದಿಯನ್ನು ವಾಚಕರಲ್ಲಿ ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. ಉತ್ತರಾಖಂಡದ ಸಹಸ್ರತಾಲವೆಂಬುದು ಸುಮಾರು 14,500 ಅಡಿ ಎತ್ತರದಲ್ಲಿರುವ ಸರೋವರಸ್ಥಾನ. ಮೇ ತಿಂಗಳ ಕೊನೆಯಲ್ಲಿ 22 ಮಂದಿಯ ತಂಡವೊಂದು ಅಲ್ಲಿಗೆ ಹೊರಟಿತು. ಅವರಲ್ಲಿ ಹೆಚ್ಚಿನವರು ಕರ್ನಾಟಕದವರು. ಅವರಲ್ಲಿ ಬೆಟ್ಟಗಳ ಅನುಭವವುಳ್ಳ ಹಿರಿಯರೂ ಇದ್ದರು. ಜೂನ್ 3ರಂದು ಸರೋವರವನ್ನು ಕಂಡು ಬಿಡಾರಕ್ಕೆ ಹಿಂದಿರುಗುತ್ತಿದ್ದಾಗ ಹಿಮದ ಬಿರುಗಾಳಿ ಎದ್ದಿತು. ದಾರಿ ಅಳಿಸಿಹೋಯಿತು; ಎದುರಿಗಿದ್ದವರು ಕಾಣದಾದರು; ಇರುಳೆಲ್ಲ ಬಯಲಿನಲ್ಲಿ ಕಳೆಯಬೇಕಾಯಿತು. ವಾಯುಸೇನೆಯ ಹೆಲಿಕಾಪ್ಟರುಗಳೂ ವಿಪತ್ತು ನಿವಾರಣೆಯ ದಳದವರೂ ತಲುಪಿ 13 ಮಂದಿಯನ್ನು ರಕ್ಷಿಸಿದರು. 9 ಮಂದಿ ಮರಳಲಿಲ್ಲ. ಕರ್ನಾಟಕದ ಕಂದಾಯ ಸಚಿವರಾಗಿದ್ದ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಹೋಗಿ ಉಳಿದವರನ್ನೂ ಅಳಿದವರ ದೇಹಗಳನ್ನೂ ತರುವ ವ್ಯವಸ್ಥೆಯನ್ನು ನೋಡಿಕೊಂಡರು. ಇಲ್ಲಿ ಇಂಥವರ ತಪ್ಪೆಂದು ಮನೆಯಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ಅದು ಅಳಿದವರಿಗೆ ಮಾಡುವ ಅಪಚಾರವೂ ಹೌದು. ಅವರು ಜಾರಿ ಬಿದ್ದವರಲ್ಲ, ಪ್ರಪಾತಕ್ಕೆ ಉರುಳಿದವರಲ್ಲ. ಗುರಿಯನ್ನು ಮುಟ್ಟಿ ಮರಳುವಾಗ ಚಳಿಯು ಅವರನ್ನು ಕೊಂಡೊಯ್ದಿತು.

ಚಳಿಯಿಂದ ಸಾಯುವುದೆಂದರೇನೆಂಬುದು ಬಳ್ಳಾರಿಯ ಬಿಸಿಲನ್ನುಂಡು ಬೆಳೆದವರಿಗೆ ಕಲ್ಪನೆಗೂ ನಿಲುಕುವುದಿಲ್ಲ. ಮನುಷ್ಯದೇಹದ ಕಾವು 37 ಡಿಗ್ರಿಯ ಆಸುಪಾಸಿನದು. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಆರಂಭ. ಮೊದಲು ನಡುಕ, ಬಳಿಕ ಮಾತು ತೊದಲುವುದು, ಬೆರಳು ಗುಂಡಿಯನ್ನು ಹಾಕಲಾರದಾಗುವುದು, ಆಮೇಲೆ ಬುದ್ಧಿಗೆ ಮಂಕು ಕವಿದು, ಇಲ್ಲಿಯೇ ಸ್ವಲ್ಪ ಕುಳಿತರೆ ಸಾಕೆಂಬ ಸುಖಭ್ರಾಂತಿ. ನಡುಕ ನಿಂತುದನ್ನು ಕಂಡು ಚೇತರಿಕೆಯೆಂದು ಭ್ರಮಿಸುವವರುಂಟು. ಅದು ದೀಪದ ಎಣ್ಣೆ ತೀರಿದ ಗುರುತು. ಹಿಮಕ್ಕಿಂತಲೂ ಒದ್ದೆಯಾದ ಬಟ್ಟೆ ಮತ್ತು ಗಾಳಿ ಇವೆರಡೂ ಕ್ರೂರ. ಹತ್ತಿಯ ಬಟ್ಟೆ ನೀರನ್ನು ಹಿಡಿದುಕೊಂಡು ಮೈಯ ಕಾವನ್ನು ಹೀರುವುದು. ಉಣ್ಣೆ ತೋಯ್ದರೂ ಸ್ವಲ್ಪ ಬೆಚ್ಚಗಿಡುವುದು. ಮಳೆಯಲ್ಲಿ ಕುರಿ ಕಾಯುವ ಕುರುಬನು ತಲೆಯ ಮೇಲೆ ಗೊಪ್ಪೆಮಾಡಿಕೊಂಡ ಕರಿಯ ಕಂಬಳಿಯಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ. ಮೈಲಾರದ ಗೊರವಯ್ಯನು ಕಂಬಳಿಯ ನಿಲುವಂಗಿಯನ್ನು ದೇವರ ಮುದ್ರೆಯೆಂದು ತೊಡುವನು. ತೊಡಲು ಬೇರೆ ಕಾರಣವೂ ಇದ್ದಿರಬಹುದು.

ಆ ಸಂಜೆ ಕಟ್ಟೆಯ ಮೇಲೆ ಮೊಮ್ಮಗನು ತನ್ನ ಪ್ರಯಾಣದ ವಿವರಗಳನ್ನೆಲ್ಲ ಉತ್ಸಾಹದಿಂದ ಹೇಳಿದನು. ಇಂಥ ದಿನ ಇಷ್ಟು ಮೈಲಿ, ಇಷ್ಟು ಎತ್ತರ, ಇಂಥ ಶಿಖರದಿಂದ ಇಂಥ ನೋಟ. ವೃದ್ಧರು ಕೊನೆಯವರೆಗೆ ಕೇಳಿದರು.

“ತಮ್ಮಾ, ಹೋಗೋದೆಲ್ಲ ಹೇಳ್ದಿ. ಹೊಳ್ಳೋದು ಎಷ್ಟೊತ್ತಿಗೆ?”

“ಶಿಖರ ಮುಟ್ಟಿದ ಮ್ಯಾಲೆ ಹೊಳ್ಳಾದ್ ಅಜ್ಜ.”

“ಮುಟ್ಟಲಿಲ್ಲಂದ್ರ?”

ಮೊಮ್ಮಗನು ನಕ್ಕನು. ವೃದ್ಧರು ನಗಲಿಲ್ಲ. ಅವರು ಓದಿದವರಲ್ಲ, ಕಾಳುಕಡಿಯ ವ್ಯಾಪಾರದಲ್ಲಿ ಆಯುಸ್ಸನ್ನು ಕಳೆದವರು. ಸಂತೆಗೆ ಹೋಗುವವನು ಮಾಲು ಮಾರಾಟವಾಗಲಿ ಬಿಡಲಿ, ಇಂಥ ಹೊತ್ತಿಗೆ ಬಂಡಿ ಹೂಡಬೇಕೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿ ಹೊರಡುವನು. ಸಂತೆಯಲ್ಲಿ ನಿಂತು ನಿಶ್ಚಯಿಸಹೋದರೆ ಆಸೆಯು ಬಿಡುವುದಿಲ್ಲವೆಂಬುದು ಅವರ ಅನುಭವ. ಪರ್ವತಾರೋಹಣವನ್ನು ಬಲ್ಲವರೂ ಇದನ್ನೇ ಹೇಳುವರು. ಹಿಂದಿರುಗುವ ಗಳಿಗೆಯನ್ನು ಮೊದಲೇ ಗೊತ್ತುಮಾಡಿಕೊಂಡು, ಶಿಖರವು ನೂರೇ ಹೆಜ್ಜೆಯಲ್ಲಿದ್ದರೂ ಆ ಗಳಿಗೆಗೆ ತಿರುಗಬೇಕೆಂಬುದು ಅವರ ನಿಯಮ. ನಿಯಮವು ಸುಲಭವಾದುದು, ಆ ನೂರು ಹೆಜ್ಜೆಗಳನ್ನು ಕಣ್ಣೆದುರಿಗಿಟ್ಟುಕೊಂಡು ತಿರುಗುವುದು ಸುಲಭವಲ್ಲ.

ಮಹಾಭಾರತದ ಮಹಾಪ್ರಸ್ಥಾನದ ಪರ್ವದಲ್ಲಿ ಪಾಂಡವರು ಹಿಮವಂತವನ್ನೇರುವರು. ದ್ರೌಪದಿ ಮೊದಲಾಗಿ ಒಬ್ಬೊಬ್ಬರೂ ಬೀಳುವರು. ಧರ್ಮರಾಯನು ಹಿಂದಿರುಗಿ ನೋಡದೆ ಮುಂದೆ ನಡೆವನು. ಇದನ್ನು ಧೈರ್ಯದ ಆದರ್ಶವೆಂದು ಸಭೆಗಳಲ್ಲಿ ಹೇಳುವವರುಂಟು. ಆದರೆ ಅದು ಲೋಕವನ್ನು ಬಿಟ್ಟು ಹೊರಟವರ ನಡಿಗೆ. ರಜೆಯ ಚೀಟಿ ಬರೆದುಕೊಟ್ಟು ಸೋಮವಾರ ಕಚೇರಿಗೆ ಹಾಜರಾಗಬೇಕಾದವರ ನಡಿಗೆಯಲ್ಲ. ಬಿದ್ದವರನ್ನು ಬಿಟ್ಟು ನಡೆಯುವ ಅಧಿಕಾರವು ಸ್ವರ್ಗಕ್ಕೆ ಹೊರಟವನಿಗೊಬ್ಬನಿಗೇ ಉಂಟು. ಉಳಿದವರು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಹೊಂದಿಸಬೇಕು.

ಪಶ್ಚಿಮದವರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ಆಲ್ಪ್ಸ್ ಪರ್ವತಗಳಲ್ಲಿ ಮ್ಯಾಟರ್‌ಹಾರ್ನ್ ಎಂಬ ಶಿಖರವುಂಟು. ಎತ್ತರದಲ್ಲಿ ಹೆಚ್ಚುಕಡಿಮೆ ಸಹಸ್ರತಾಲದಷ್ಟೇ. 1865ರ ಜುಲೈ 14ರಂದು ಎಡ್ವರ್ಡ್ ವ್ಹಿಂಪರನೂ ಸೇರಿ ಏಳು ಮಂದಿ ಅದನ್ನು ಮೊಟ್ಟಮೊದಲು ಏರಿದರು. ಇಳಿಯುವಾಗ ಒಬ್ಬನು ಜಾರಿದನು, ಹಗ್ಗ ಹರಿಯಿತು, ನಾಲ್ವರು ಪ್ರಪಾತದ ಪಾಲಾದರು. ಹರಿದುದು ಅವರೊಡನಿದ್ದ ಹಗ್ಗಗಳಲ್ಲೆಲ್ಲ ದುರ್ಬಲವಾದುದು. ಅದಕ್ಕೂ ಮೊದಲು, 1820ರಲ್ಲಿ, ಮೋಂಟ್ ಬ್ಲಾಂಕಿನ ಮೇಲೆ ಹಿಮಪಾತಕ್ಕೆ ಸಿಕ್ಕಿ ಮೂವರು ಮಾರ್ಗದರ್ಶಕರು ಸತ್ತರು. ಮರುವರ್ಷವೇ ಶಾಮೊನಿ ಊರಿನ ಮಾರ್ಗದರ್ಶಕರೆಲ್ಲ ಸೇರಿ ಸಂಘವೊಂದನ್ನು ಕಟ್ಟಿ, ಕೆಲಸದ ಸರದಿಗೂ ಸತ್ತವರ ಸಂಸಾರದ ನೆರವಿಗೂ ಕಟ್ಟಳೆಗಳನ್ನು ಮಾಡಿಕೊಂಡರು. ಆ ಸಂಘವು ಇಂದಿಗೂ ಇದೆ. ನಮ್ಮ ದೇಶದಲ್ಲಿ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆ 1954ರಲ್ಲಿಯೂ ಉತ್ತರಕಾಶಿಯದು 1965ರಲ್ಲಿಯೂ ಸ್ಥಾಪಿತವಾದುವು. ಆದರೆ ಹಿಮದ ಬೆಟ್ಟಗಳಿಗಿರುವ ಈ ಗೌರವವು ಊರಹಿಂದಿನ ಗುಡ್ಡಕ್ಕೆ ದೊರೆಯುವುದಿಲ್ಲ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ತರುಣ ವಿದ್ಯಾರ್ಥಿಯೊಬ್ಬನು ಸುಮಾರು 300 ಅಡಿ ಜಾರಿ ಬಂಡೆಯ ಅಂಚಿನಲ್ಲಿ ಸಿಕ್ಕಿಬಿದ್ದನು. ಅವನನ್ನೆತ್ತಲು ವಾಯುಸೇನೆಯ ಹೆಲಿಕಾಪ್ಟರೇ ಬರಬೇಕಾಯಿತು. ಬೆಂಗಳೂರಿನವರು ಬೆಳಗಿನ ಉಪಾಹಾರಕ್ಕೆಂದು ಹೋಗಿಬರುವ ಬೆಟ್ಟವದು.

ಮೈಲಾರದ ಕಾರ್ಣಿಕವನ್ನು ಈ ಸೀಮೆಯಲ್ಲಿ ನೋಡದವರಿಲ್ಲ. ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುವನು. ಲಕ್ಷ ಜನ ಉಸಿರು ಬಿಗಿಹಿಡಿಯುವರು. ದೈವವಾಣಿಯೊಂದನ್ನು ನುಡಿದು ಅವನು ಹಿಂದಕ್ಕೆ ಬೀಳುವನು. ಮಳೆಬೆಳೆಯ ಅರ್ಥವನ್ನು ಊಹಿಸುವುದರಲ್ಲಿ ಮುಳುಗಿದ ಜನರಿಗೆ ಬಿಲ್ಲಿನ ಬುಡದಲ್ಲಿ ಕೈಚಾಚಿ ನಿಂತವರು ಕಾಣುವುದಿಲ್ಲ. ಅವರು ಮಾತ್ರ ದೈವವಾಣಿಗೆ ಕಿವಿಗೊಡದೆ ಗೊರವಯ್ಯನ ಮೈಯನ್ನೇ ನೋಡುತ್ತಿರುವರು. ಅವರು ಅಲ್ಲಿ ಇರುವರೆಂಬ ನಂಬಿಕೆಯಿಂದಲೇ ಅವನು ಬೀಳಬಲ್ಲನು. ಬೆಟ್ಟಗಳ ಬುಡದಲ್ಲಿ ಈಗ ಇಲ್ಲದಿರುವುದು ಇಂತಹವರು. ಉಚ್ಚಂಗಿ, ಜರಿಮಲೆ, ಗುಡೇಕೋಟೆಗಳ ಬುಡದಲ್ಲಿ ಒಂದೊಂದು ಹೆಸರಿನ ಪುಸ್ತಕ, ಒಂದು ಡೋಲಿ, ಒಂದು ಹಗ್ಗ, ಔಷಧದ ಪೆಟ್ಟಿಗೆ, ಜಾಗವನ್ನು ಬಲ್ಲ ಇಬ್ಬರು ಸ್ಥಳೀಯ ತರುಣರಿಗೆ ಸಂಬಳ, ಇಷ್ಟನ್ನು ಮಾಡುವುದು ರಾಜ್ಯಕ್ಕಾಗಲಿ ಪಂಚಾಯತಿಗಾಗಲಿ ಅಸಾಧ್ಯವೇ? 2021ರಲ್ಲಿ ವಿಜಯನಗರ ಜಿಲ್ಲೆಯಾದಂದಿನಿಂದ ಪ್ರವಾಸದ ಅಭಿವೃದ್ಧಿಯ ಮಾತು ಬಹಳ ಕೇಳಿಬರುತ್ತಿದೆ. ಕಮಾನು, ಬಣ್ಣದ ದೀಪಗಳಿಗಿಂತ ಮೊದಲು ಹೊಂಡಕ್ಕೊಂದು ಕಟಾಂಜನವಾದರೆ ಲೇಸು.

ಹಿಮಾಲಯಕ್ಕೆ ಹೋಗುವ ಮುನ್ನ ತನ್ನೊಡನೆ ಒಮ್ಮೆ ಉಚ್ಚಂಗಿಯನ್ನೇರಬೇಕೆಂದು ವೃದ್ಧರು ಮೊಮ್ಮಗನಿಗೆ ಹೇಳಿದರು. ಭರಣಿ ಮಳೆಯ ದಿನಗಳು. ಹರಪನಹಳ್ಳಿಯಲ್ಲಿ ಬಸ್ಸು ತಡವಾದುದರಿಂದ ಬುಡ ಸೇರುವಾಗ ಹೊತ್ತೇರಿದ್ದಿತು. ಮೂರು ಗಂಟೆಗೆ ಎಲ್ಲಿದ್ದರೂ ಹೊಳ್ಳತಕ್ಕದ್ದೆಂದು ತೋಪಿನಲ್ಲಿಯೇ ಮಾತಾಯಿತು. ಮೇಲಣ ಬಾಗಿಲು ಕಾಣುತ್ತಿದ್ದಿತು. ಇನ್ನು ಕಾಲು ಗಂಟೆಯ ದಾರಿ. ಹಿಡಿದ ಹೊತ್ತೂ ಇನ್ನೂ ಮುಗಿದಿರಲಿಲ್ಲ. ಆಗ ಪಡುವಣ ದಿಕ್ಕಿನಲ್ಲಿ ಮೊದಲ ಗುಡುಗು ಕೇಳಿಸಿತು. ಮೊಮ್ಮಗನು ಮೊಬೈಲಿನಲ್ಲಿ ‘ದಾಮಿನಿ’ಯನ್ನು ತೆರೆದನು, ಪುಣೆಯ ಹವಾಮಾನ ವಿಜ್ಞಾನಿಗಳು ಸಿಡಿಲಿನ ಎಚ್ಚರಿಕೆಗೆಂದು ಮಾಡಿದ ಸಾಧನವದು, ಅದು ಸಮೀಪದಲ್ಲಿಯೇ ಸಿಡಿಲನ್ನು ತೋರಿಸಿತು. ಗುಡುಗು ಕಿವಿಗೆ ಬಿದ್ದಿತೆಂದರೆ ಸಿಡಿಲಿನ ಕೈಗೆಟಕುವಷ್ಟು ಹತ್ತಿರ ಇದ್ದೇವೆಂದೂ, ಕೊನೆಯ ಗುಡುಗಿನ ತರುವಾಯ ಅರ್ಧ ಗಂಟೆ ಬಯಲಿಗೆ ಬರಬಾರದೆಂದೂ ಬಲ್ಲವರ ಮತ. ಬೋಳುಬಂಡೆಯ ನೆತ್ತಿಗಿಂತ ಕೆಟ್ಟ ಸ್ಥಳವು ಆ ಹೊತ್ತಿನಲ್ಲಿ ಬೇರೊಂದಿಲ್ಲ.

“ಅಜ್ಜಾ, ಇಷ್ಟು ಬಂದೀವಿ, ಬಾಗ್ಲು ಅಲ್ಲೇ ಐತಿ. ಹಂಗೇ ಕೈಮುಗಿದು ಬಂದ್ಬಿಡಾನ?”

“ಕೈ ಇಲ್ಲಿಂದಾನ ಮುಗಿ.”

ಮೊಮ್ಮಗನು ಬಾಗಿಲನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು ತಿರುಗಿದನು. ಇಳಿಯುವಾಗ ಅವನೇ ಮುಂದೆ. ಒಂದೊಂದು ಮೆಟ್ಟಿಲಿಗೂ ನಿಂತು ಹಿಂದಕ್ಕೆ ಕೈ ಚಾಚುತ್ತಿದ್ದನು. ಮೇಲಕ್ಕೇರುತ್ತಿದ್ದ ಮೂರು ಸಂಸಾರಗಳಿಗೆ ವೃದ್ಧರು ಮೋಡವನ್ನು ತೋರಿಸಿದರು. ಎರಡು ಸಂಸಾರಗಳು ಹಿಂದಿರುಗಿದುವು, ಒಂದು ಹೋಯಿತು. ತಳದ ಮನೆಯೊಂದರ ಪಡಸಾಲೆಯನ್ನು ಸೇರುವಷ್ಟರಲ್ಲಿ ಆನೆಕಲ್ಲು ಬೀಳತೊಡಗಿತು. ಮೇಲೆ ಹೋದವರು ಬರುವವರೆಗೆ ವೃದ್ಧರು ಅಲ್ಲಿಂದ ಏಳಲಿಲ್ಲ. ಅವರು ತೋಯ್ದು ನಡುಗುತ್ತ ಬಂದರು. ಮಕ್ಕಳ ಮುಖದಲ್ಲಿ ರಕ್ತವಿರಲಿಲ್ಲ. ಆ ಮನೆಯವರು ಬೆಲ್ಲದ ಚಹ ಕಾಸಿಕೊಟ್ಟರು. ತಂದ ತೆಂಗಿನಕಾಯನ್ನು ಮೊದಲ ಮೆಟ್ಟಿಲ ಬಳಿ ಒಡೆದುದಾಯಿತು.

ರಾತ್ರಿ ಮನೆಯಲ್ಲಿ ಅಜ್ಜಿ ಕೇಳಿದಳು: “ದರ್ಶನ ಆತೇನು?”

“ಪಾದಕ್ಕ ಕಾಯಿ ಒಡ್ಸಿ ಬಂದ್ವಿ” ಎಂದು ಮೊಮ್ಮಗನೇ ಉತ್ತರಕೊಟ್ಟನು.

ಮೂರು ವಾರಗಳ ಬಳಿಕ ಅವನು ಹೊರಟನು. ಚೀಲದಲ್ಲಿ ಉಣ್ಣೆಯ ಒಳಂಗಿಗಳು. ಅವುಗಳ ಮೇಲೆ, ಬೇಡವೆಂದರೂ ಕೇಳದೆ ಅಜ್ಜಿ ಮಡಿಸಿಟ್ಟ ಒಂದು ಕರಿಯ ಕಂಬಳಿ. ಯಾವ ದಿನ ಯಾವ ಬಿಡಾರ, ಯಾವ ದಿನದೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ಕರೆಮಾಡಬೇಕು, ಮಾರ್ಗದರ್ಶಕನ ಸಂಖ್ಯೆ ಯಾವುದು, ಅಲ್ಲಿಯ ಪೊಲೀಸು ಠಾಣೆ ಎಲ್ಲಿ ಎಂಬುದನ್ನೆಲ್ಲ ದೊಡ್ಡಕ್ಷರದಲ್ಲಿ ಬರೆದು ಅಜ್ಜನ ಕೈಗೆ ಕೊಟ್ಟಿದ್ದನು. ಹಿಂದಿರುಗುವ ದಿನದ ಕೆಳಗೆ ಎರಡು ಗೆರೆ ಎಳೆದಿದ್ದನು. ವೃದ್ಧರು ಆ ಹಾಳೆಯನ್ನು ಪಂಚಾಂಗದೊಳಗೆ ಇರಿಸಿಕೊಂಡಿದ್ದಾರೆ. ತಿಥಿವಾರಗಳನ್ನು ನೋಡುವ ನೆಪದಲ್ಲಿ ದಿನಕ್ಕೆ ಎರಡು ಮೂರು ಸಲ ಪಂಚಾಂಗವನ್ನು ತೆರೆಯುವರು.